ಕರಡು ನಿಯಮಕ್ಕೆ ಆನ್‌ಲೈನ್‌ನಲ್ಲಿ ಅಭಿಪ್ರಾಯ ಹೇಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಸರ್ಕಾರದ ಇಲಾಖೆ ಹೊರಡಿಸಿದ ಕರಡು ನಿಯಮದಲ್ಲಿ "ಆಕ್ಷೇಪಣೆ ಮತ್ತು ಸಲಹೆಗಳನ್ನು ಆಹ್ವಾನಿಸಲಾಗಿದೆ" ಎಂಬ ಸಾಲು ಕಂಡ ಕೂಡಲೇ ಹೆಚ್ಚಿನವರು ಪುಟ ಮುಚ್ಚಿಬಿಡುತ್ತಾರೆ. ಬರೆದು ಏನಾಗಬೇಕು ಅನ್ನುವ ಬೇಸರ ಒಂದು ಕಡೆ, ಹೇಗೆ ಬರೆಯಬೇಕು ಅನ್ನುವ ಗೊಂದಲ ಇನ್ನೊಂದು ಕಡೆ. ಅಭಿಪ್ರಾಯ ಬರೆಯುವವರು ಕೇಳುವ ಪ್ರಶ್ನೆಗಳೂ ಅದನ್ನು ಓದಬೇಕಾದ ಇಲಾಖೆಯವರು ಕೇಳುವ ಪ್ರಶ್ನೆಗಳೂ ಇಲ್ಲಿ ಬೆರೆತಿವೆ.

ಕಾನೂನು ಮಾಡುವುದು ನಾವು ಆರಿಸಿ ಕಳಿಸಿದವರು. ಮತ್ತೆ ನಮ್ಮನ್ನೇ ಯಾಕೆ ಕೇಳಬೇಕು?

ಶಾಸನಸಭೆ ಮಾಡುವುದು ಕಾಯ್ದೆ. ಕಾಯ್ದೆಯಲ್ಲಿ ದೊಡ್ಡ ಮಾತುಗಳು ಮಾತ್ರ ಇರುತ್ತವೆ. ಅರ್ಜಿ ಯಾರಿಗೆ ಕೊಡಬೇಕು, ಶುಲ್ಕ ಎಷ್ಟು, ಯಾವ ದಾಖಲೆ ಬೇಕು, ಎಷ್ಟು ದಿನದೊಳಗೆ ಉತ್ತರ ಬರಬೇಕು, ತಪ್ಪಿದರೆ ದಂಡ ಎಷ್ಟು ಎಂಬುದೆಲ್ಲ ನಿಯಮಗಳಲ್ಲಿ ಬರುತ್ತದೆ. ಈ ನಿಯಮಗಳನ್ನು ಬರೆಯುವುದು ಇಲಾಖೆ ಅಥವಾ ನಿಯಂತ್ರಣ ಪ್ರಾಧಿಕಾರ. ಅಲ್ಲಿ ಕೂತು ಬರೆಯುವವರನ್ನು ನಾವು ಆರಿಸಿದ್ದಲ್ಲ. ಭಾರತದಲ್ಲಿ ನಿಯಮಗಳನ್ನು ಆಮೇಲೆ ಸಂಸತ್ತಿನ ಮುಂದಿಡುವ ಪದ್ಧತಿ ಇದೆ ನಿಜ. ಆದರೆ ಅಷ್ಟು ಹೊತ್ತಿಗೆ ನಿಯಮ ಜಾರಿಗೆ ಬಂದಿರುತ್ತದೆ. ಹಾಗಾಗಿ ಜನರಿಗೆ ಮಾತಾಡಲು ಇರುವ ಜಾಗ ಕರಡಿನ ಹಂತವೇ.

ದಿನದ ಬದುಕಿಗೆ ಕಾಯ್ದೆಗಿಂತ ನಿಯಮವೇ ಜಾಸ್ತಿ ತಾಗುತ್ತದೆ. ಗಲಾಟೆ ಮಾತ್ರ ಕಾಯ್ದೆಯ ಸುತ್ತಲೇ ನಡೆಯುತ್ತದೆ.

ಅಭಿಪ್ರಾಯ ಕೇಳಲೇಬೇಕು ಅಂತ ಕಡ್ಡಾಯ ಇದೆಯಾ?

ದೇಶಕ್ಕೊಂದು ರೀತಿ ಇದೆ. ಅಮೆರಿಕದಲ್ಲಿ ಕಡ್ಡಾಯ. 1946ರ ಆಡಳಿತ ಕಾರ್ಯವಿಧಾನ ಕಾಯ್ದೆಯ ಪ್ರಕಾರ ಕರಡನ್ನು ಮೊದಲು ಪ್ರಕಟಿಸಬೇಕು, ಜನ ಬರೆಯಲು ಅವಕಾಶ ಕೊಡಬೇಕು, ಅಂತಿಮ ನಿಯಮದ ಜೊತೆ ಕಾರಣ ಹೇಳಬೇಕು. ಬಂದ ಮುಖ್ಯ ಆಕ್ಷೇಪಗಳಿಗೆ ಉತ್ತರ ಕೊಡದಿದ್ದರೆ ಕೋರ್ಟು ನಿಯಮವನ್ನು ತಳ್ಳಿಹಾಕಬಹುದು. ಕೆಲವು ವಿನಾಯಿತಿಗಳಿವೆ, ಆದರೆ ಮೂಲ ಚೌಕಟ್ಟು ಇದು.

ಭಾರತದಲ್ಲಿ ಎಲ್ಲ ನಿಯಮಗಳಿಗೂ ಅನ್ವಯಿಸುವ ಇಂಥ ಒಂದೇ ಕಾನೂನು ಇಲ್ಲ. ಮೂಲ ಕಾಯ್ದೆಯಲ್ಲಿ 'ಮುಂಚಿತವಾಗಿ ಪ್ರಕಟಿಸಿ' ಎಂಬ ಷರತ್ತು ಇದ್ದರೆ ಮಾತ್ರ 1897ರ ಸಾಮಾನ್ಯ ಖಂಡಗಳ ಕಾಯ್ದೆಯ 23ನೇ ಸೆಕ್ಷನ್ ಅನ್ವಯಿಸುತ್ತದೆ. ಆಗ ಕರಡನ್ನು ಪ್ರಕಟಿಸಿ, ಬಂದ ಆಕ್ಷೇಪಗಳನ್ನು ಪರಿಗಣಿಸಲೇಬೇಕು. ಇನ್ನು 2014ರ ಶಾಸನಪೂರ್ವ ಸಮಾಲೋಚನೆ ನೀತಿ ಕನಿಷ್ಠ 30 ದಿನ ಕೊಡಿ, ಸರಳ ಭಾಷೆಯ ವಿವರಣೆ ಹಾಕಿ, ಬಂದ ಅಭಿಪ್ರಾಯಗಳ ಸಾರಾಂಶವನ್ನು ವೆಬ್‌ಸೈಟಿನಲ್ಲಿ ಪ್ರಕಟಿಸಿ ಎನ್ನುತ್ತದೆ. ಒಳ್ಳೆಯ ಮಾತುಗಳೇ. ಆದರೆ ಅದು ನೀತಿ, ಕಾನೂನಲ್ಲ. ಪಾಲಿಸದಿದ್ದರೆ ನಿಯಮ ಬಿದ್ದುಹೋಗುವುದಿಲ್ಲ.

ಟೆಲಿಕಾಂ ಪ್ರಾಧಿಕಾರ ಟ್ರಾಯ್‌ನಂಥ ಕೆಲವು ಸಂಸ್ಥೆಗಳಿಗೆ ಪಾರದರ್ಶಕವಾಗಿ ಕೆಲಸ ಮಾಡಬೇಕು ಎಂಬ ಹೊಣೆ ಅವುಗಳ ಕಾಯ್ದೆಯಲ್ಲೇ ಇದೆ. ಇದರ ಬಿಸಿ ಎಷ್ಟು ಅಂತ 2016ರಲ್ಲಿ ಗೊತ್ತಾಯಿತು. ಮಾತಿನ ಮಧ್ಯೆ ಕರೆ ಕಡಿದರೆ ಗ್ರಾಹಕನಿಗೆ 1 ರೂಪಾಯಿ, ದಿನಕ್ಕೆ ಹೆಚ್ಚೆಂದರೆ 3 ಕರೆಗೆ, ಕಂಪನಿ ಕೊಡಬೇಕು ಎಂದು ಟ್ರಾಯ್ ನಿಯಮ ಮಾಡಿತ್ತು. ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಕಂಪನಿಗಳು ಎತ್ತಿದ ಆಕ್ಷೇಪಗಳಿಗೆ ಕಾರಣ ಕೊಟ್ಟು ಉತ್ತರಿಸಿಲ್ಲ ಎಂಬುದು ಕೋರ್ಟು ಕಂಡ ದೋಷಗಳಲ್ಲಿ ಒಂದು. ಅಮೆರಿಕದ ಮಾದರಿಯ ಕಾನೂನನ್ನು ಸಂಸತ್ತು ತರುವುದು ಒಳ್ಳೆಯದು ಎಂದೂ ಅದೇ ತೀರ್ಪು ಹೇಳಿತು. ಗ್ರಾಹಕರಿಗೆ ಇಷ್ಟವಾದ ನಿಯಮವೂ ವಿಧಾನ ತಪ್ಪಿದರೆ ಉಳಿಯುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಆನ್‌ಲೈನ್ ಬಂದಮೇಲೆ ನಿಜವಾಗಿ ಏನು ಬದಲಾಯಿತು?

ಕಳಿಸುವುದು ಸುಲಭವಾಯಿತು. ಓದುವುದು ಸುಲಭವಾಗಲಿಲ್ಲ. ಈ ಪುಟದ ಅರ್ಧ ಪ್ರಶ್ನೆಗಳು ಹುಟ್ಟುವುದೇ ಇಲ್ಲಿಂದ.

ಮೊದಲು ಕರಡು ಗೆಜೆಟ್‌ನಲ್ಲಿ ಬರುತ್ತಿತ್ತು. ಗೆಜೆಟ್ ಓದುವವರು ವಕೀಲರು, ಕಂಪನಿಗಳ ಆಫೀಸಿನವರು, ಕೆಲವು ಸಂಘಗಳು. ಬೇರೆಯವರು ಏನು ಬರೆದಿದ್ದಾರೆ ಎಂದು ನೋಡಬೇಕಾದರೆ ಇಲಾಖೆಯ ಕಡತದ ಕೋಣೆಗೇ ಹೋಗಬೇಕಿತ್ತು. ಅಮೆರಿಕದ ಕೃಷಿ ಇಲಾಖೆ 1997ರ ಕೊನೆಯಲ್ಲಿ ಸಾವಯವ ಆಹಾರದ ಕರಡು ನಿಯಮ ತಂದಾಗ ಇಂಟರ್ನೆಟ್ ಮೂಲಕವೂ ಅಭಿಪ್ರಾಯ ತೆಗೆದುಕೊಂಡಿತು. ಒಟ್ಟು 2,75,000ಕ್ಕೂ ಹೆಚ್ಚು ಬಂದವು. ಕುಲಾಂತರಿ ಬೆಳೆ, ವಿಕಿರಣ ಹಾಯಿಸಿದ ಆಹಾರ, ಚರಂಡಿ ಕೆಸರಿನ ಗೊಬ್ಬರ, ಈ ಮೂರಕ್ಕೂ ಆ ಕರಡು ಬಾಗಿಲು ತೆರೆದಿಟ್ಟಿತ್ತು. ಜನ ಒಪ್ಪಲಿಲ್ಲ. ಇಲಾಖೆ 2000ದಲ್ಲಿ ಹೊಸ ಕರಡು ತಂದು ಮೂರನ್ನೂ ಹೊರಗಿಟ್ಟಿತು. 2003ರಲ್ಲಿ ಅಲ್ಲಿನ ಬಹುತೇಕ ಇಲಾಖೆಗಳಿಗೆ ಸೇರಿ ರೆಗ್ಯುಲೇಷನ್ಸ್ ಡಾಟ್ ಗವ್ ಎಂಬ ಒಂದೇ ಜಾಲತಾಣ ಶುರುವಾಯಿತು.

ಜಾಸ್ತಿ ಜನ ಬರೆದರೆ ನಿಯಮ ಬದಲಾಗುತ್ತಾ?

ಬರೀ ಸಂಖ್ಯೆಯಿಂದ ಬದಲಾಗುವುದಿಲ್ಲ. ಬದಲಾಗಲೂಬಾರದು. ಇದು ಮತದಾನ ಅಲ್ಲ. ಮತದಾನಕ್ಕೆ ಮತದಾರರ ಪಟ್ಟಿ ಇದೆ, ಒಬ್ಬರಿಗೆ ಒಂದೇ ಮತ ಅನ್ನುವ ಕಾವಲಿದೆ. ಇಲ್ಲಿ ಅವೆರಡೂ ಇಲ್ಲ.

ಯುರೋಪಿಯನ್ ಒಕ್ಕೂಟ 2018ರಲ್ಲಿ ಬೇಸಿಗೆಗೊಮ್ಮೆ ಚಳಿಗಾಲಕ್ಕೊಮ್ಮೆ, ವರ್ಷಕ್ಕೆ ಎರಡು ಸಲ ಗಡಿಯಾರವನ್ನು ಒಂದು ಗಂಟೆ ಹಿಂದೆ ಮುಂದೆ ಮಾಡುವ ಪದ್ಧತಿ ಬೇಕೇ ಬೇಡವೇ ಎಂದು ಆನ್‌ಲೈನ್‌ನಲ್ಲಿ ಕೇಳಿತು. 46 ಲಕ್ಷ ಉತ್ತರ ಬಂತು. ಒಕ್ಕೂಟದ ಇತಿಹಾಸದಲ್ಲೇ ಅಷ್ಟು ಬಂದಿರಲಿಲ್ಲ. 84% ಜನ ಬೇಡ ಎಂದರು. ಆದರೆ ಉತ್ತರಗಳಲ್ಲಿ ಸುಮಾರು 70% ಬಂದದ್ದು ಜರ್ಮನಿ ಒಂದರಿಂದಲೇ. ಉಳಿದ ದೇಶಗಳು ಮಾತಾಡಿದವು ಅನ್ನಲು ಆಗುತ್ತದೆಯೇ? ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಆಯೋಗ ಪ್ರಸ್ತಾವ ಮುಂದಿಟ್ಟಿತು, ಯುರೋಪಿನ ಸಂಸತ್ತು 2019ರಲ್ಲಿ ಒಪ್ಪಿತು, ಸದಸ್ಯ ದೇಶಗಳ ಸರ್ಕಾರಗಳ ನಡುವೆ ಮಾತ್ರ ಒಮ್ಮತ ಆಗಲೇ ಇಲ್ಲ.

ಭಾರತದ ಉದಾಹರಣೆ ಇನ್ನೂ ಖಾರವಾಗಿದೆ. ಬೇರೆ ಬೇರೆ ವೆಬ್‌ಸೈಟ್‌ಗಳಿಗೆ ಬೇರೆ ಬೇರೆ ಡೇಟಾ ದರ ಇರಬಹುದೇ ಎಂದು ಟ್ರಾಯ್ 2015ರ ಡಿಸೆಂಬರ್‌ನಲ್ಲಿ ಕೆಲವು ನಿರ್ದಿಷ್ಟ ಪ್ರಶ್ನೆಗಳನ್ನು ಕೇಳಿತು. ಫೇಸ್‌ಬುಕ್ ತನ್ನ ಬಳಕೆದಾರರಿಂದ, ಆಯ್ದ ಕೆಲವು ವೆಬ್‌ಸೈಟ್‌ಗಳನ್ನು ಮಾತ್ರ ಪುಕ್ಕಟೆ ಕೊಡುವ ತನ್ನ ಫ್ರೀ ಬೇಸಿಕ್ಸ್ ಯೋಜನೆ ಬೇಕು ಎನ್ನುವ ಸಿದ್ಧ ಸಂದೇಶಗಳನ್ನು ಲಕ್ಷಗಟ್ಟಲೆ ಕಳಿಸುವ ವ್ಯವಸ್ಥೆ ಮಾಡಿತು. ಟ್ರಾಯ್ ಅದನ್ನು ಮೆಚ್ಚಲಿಲ್ಲ. ನಾವು ಕೇಳಿದ ಪ್ರಶ್ನೆಗೆ ಇದರಲ್ಲಿ ಉತ್ತರವೇ ಇಲ್ಲ, ಸಮಾಲೋಚನೆಯನ್ನು ನೀವು ತಲೆ ಎಣಿಸುವ ಜನಮತ ಸಂಗ್ರಹವಾಗಿ ಮಾಡಿಬಿಟ್ಟಿದ್ದೀರಿ ಎಂಬ ಅರ್ಥದ ಪತ್ರ ಬರೆಯಿತು. 2016ರ ಫೆಬ್ರುವರಿಯಲ್ಲಿ ಬಂದ ಅಂತಿಮ ನಿಯಮ ಅಂಥ ದರಭೇದವನ್ನು ನಿಷೇಧಿಸಿತು.

ಹಾಗಂತ ಸಂಖ್ಯೆಗೆ ಬೆಲೆಯೇ ಇಲ್ಲವೇ? ಇದೆ. ಯಾರೂ ಗಮನಿಸದೆ ಸದ್ದಿಲ್ಲದೆ ಪಾಸಾಗಬಹುದಾಗಿದ್ದ ಕರಡಿನ ಮೇಲೆ ಪತ್ರಿಕೆಗಳ, ಶಾಸಕರ, ಮಂತ್ರಿಗಳ ಕಣ್ಣು ಬೀಳುವುದು ಸಂಖ್ಯೆಯಿಂದ. ಗಡುವು ಮುಂದೆ ಹೋಗುವುದೂ ಹೆಚ್ಚಾಗಿ ಹಾಗೆಯೇ. ಆದರೆ ನಿಯಮದ 7ನೇ ಕಲಂನಲ್ಲಿ ಏನು ತಿದ್ದಬೇಕು ಎಂಬುದನ್ನು ಸಂಖ್ಯೆ ಹೇಳಲಾರದು.

ನಾನೇನು ತಜ್ಞನಲ್ಲ. ನನ್ನ ಮಾತಿಗೆ ಯಾರು ಬೆಲೆ ಕೊಡ್ತಾರೆ?

ತಜ್ಞರಿಗೆ ಗೊತ್ತಿಲ್ಲದ್ದು ನಿಮಗೆ ಗೊತ್ತಿದ್ದರೆ ಕೊಡುತ್ತಾರೆ. ಒಂದು ಕರಡು ಹೀಗಿದೆ ಅಂದುಕೊಳ್ಳಿ: "ಪಿಂಚಣಿದಾರರು ಪ್ರತಿ ವರ್ಷ ಬೆರಳಚ್ಚು ಕೊಟ್ಟು ನವೀಕರಿಸಿಕೊಳ್ಳತಕ್ಕದ್ದು." ಬರೆದವರ ದೃಷ್ಟಿಯಲ್ಲಿ ಸರಳ ನಿಯಮ. ಆದರೆ ಜೀವನವಿಡೀ ಕಲ್ಲು, ಸಿಮೆಂಟು, ಮಣ್ಣಿನ ಕೆಲಸ ಮಾಡಿದವರ ಬೆರಳಿನ ಗೆರೆ ಸವೆದಿರುತ್ತದೆ. ಯಂತ್ರ ಓದುವುದಿಲ್ಲ. ಹಾಸಿಗೆ ಹಿಡಿದವರು ಕೇಂದ್ರಕ್ಕೆ ಬರುವುದು ಹೇಗೆ? ಇದು ಕಾನೂನು ಓದಿದವರಿಗೆ ಹೊಳೆಯಬೇಕೆಂದೇನಿಲ್ಲ. ಅವರನ್ನು ದಿನಾ ನೋಡುವ ಮಗಳಿಗೆ, ಯಂತ್ರದ ಮುಂದೆ ಕೂರುವ ಆಪರೇಟರ್‌ಗೆ ಗೊತ್ತಿರುತ್ತದೆ.

ಇಲಾಖೆಗೆ ಬೇಕಾದದ್ದು ಇಂಥ ಮಾತು. ಆದರೆ ಇದನ್ನು ಹೇಳಬಲ್ಲವರು ಬರೆಯುವುದೇ ಇಲ್ಲ. ತಮಗೆ ಗೊತ್ತಿರುವುದು ಒಂದು ಮಾಹಿತಿ ಅಂತ ಅವರಿಗೆ ಅನ್ನಿಸಿಯೇ ಇರುವುದಿಲ್ಲ.

ಸರಿ, ಬರೆಯೋದು ಹೇಗೆ?

"ಈ ನಿಯಮ ಜನವಿರೋಧಿ, ಕೂಡಲೇ ಹಿಂದಕ್ಕೆ ಪಡೆಯಿರಿ" ಎಂದು ಬರೆದರೆ ಅಧಿಕಾರಿ 'ವಿರೋಧ' ಎಂಬ ಕಾಲಂನಲ್ಲಿ ಒಂದು ಗೀಟು ಎಳೆದು ಮುಂದೆ ಹೋಗುತ್ತಾರೆ. ಅವರ ತಪ್ಪೂ ಅಲ್ಲ. ಆ ವಾಕ್ಯದಲ್ಲಿ ಅವರು ಮಾಡಬಹುದಾದ ಕೆಲಸ ಏನೂ ಇಲ್ಲ.

ಅದೇ ಪಿಂಚಣಿಯ ಉದಾಹರಣೆಗೆ ಹೀಗೆ ಬರೆದರೆ? "ಕರಡಿನ 4ನೇ ನಿಯಮದ 2ನೇ ಉಪನಿಯಮಕ್ಕೆ ಆಕ್ಷೇಪ. ನಮ್ಮ ತಂದೆ 40 ವರ್ಷ ಗಾರೆ ಕೆಲಸ ಮಾಡಿದವರು. ಬೆರಳಚ್ಚು ಯಂತ್ರದಲ್ಲಿ ಹೊಂದಿಕೆಯಾಗುವುದಿಲ್ಲ. 'ಬೆರಳಚ್ಚು' ಎಂಬಲ್ಲಿ 'ಬೆರಳಚ್ಚು ಅಥವಾ ಮುಖ ಗುರುತು ಅಥವಾ ವೈದ್ಯಾಧಿಕಾರಿಯ ಪ್ರಮಾಣಪತ್ರ' ಎಂದು ಸೇರಿಸಬೇಕು." ಇದಕ್ಕೆ ಉತ್ತರ ಕೊಡದೆ ದಾಟುವುದು ಕಷ್ಟ.

ಕಲಂ ಯಾವುದು ಅಂತ ಹೇಳಿ. ನಿಮಗೆ ಅದು ಹೇಗೆ ತಾಗುತ್ತದೆ ಅಂತ ಹೇಳಿ. ಬದಲಿಗೆ ಯಾವ ಪದ ಬೇಕು ಅಂತ ಸಾಧ್ಯವಾದರೆ ಬರೆದುಕೊಡಿ. ಆಗದಿದ್ದರೂ ಚಿಂತೆಯಿಲ್ಲ, ತೊಂದರೆಯನ್ನು ಸ್ಪಷ್ಟವಾಗಿ ಹೇಳಿದರೆ ಸಾಕು, ಕಾನೂನಿನ ಭಾಷೆ ಅವರ ಕೆಲಸ. ಕರಡಿನಲ್ಲಿ ಇಷ್ಟವಾದ ಅಂಶ ಇದ್ದರೆ ಅದನ್ನೂ ಬರೆಯಿರಿ. ಇದನ್ನು ಎಲ್ಲರೂ ಮರೆಯುತ್ತಾರೆ. ಬೇಡ ಎನ್ನುವವರು ಮಾತ್ರ ಬರೆದು, ಬೇಕು ಎನ್ನುವವರು ಸುಮ್ನೆ ಕೂತರೆ ಒಳ್ಳೆಯ ಅಂಶ ಅಂತಿಮ ನಿಯಮದಲ್ಲಿ ಮಾಯವಾಗಿರುತ್ತದೆ.

ಎಷ್ಟು ಉದ್ದ ಇರಬೇಕು ಅಂತಲೂ ಕೇಳುತ್ತಾರೆ. ಒಂದು ಪುಟ ಧಾರಾಳ ಸಾಕು.

ಸಂಘಟನೆಯೊಂದು ಸಿದ್ಧ ಪತ್ರ ಕೊಟ್ಟಿದೆ. ಹಾಗೇ ಕಳಿಸಬಹುದಾ?

ಕಳಿಸಬಹುದು, ಅದು ನಿಮ್ಮ ಹಕ್ಕು. ಆದರೆ ಒಂದೇ ಥರದ ಐವತ್ತು ಸಾವಿರ ಪತ್ರಗಳನ್ನು ಇಲಾಖೆಗಳು ಒಂದು ಕಟ್ಟಾಗಿ ಕಟ್ಟಿ, ಒಂದೇ ಅಭಿಪ್ರಾಯ ಎಂದು ನೋಡುತ್ತವೆ. ನಿಮ್ಮದೇ ಎರಡು ಸಾಲು ಮೇಲೆ ಸೇರಿಸಿದರೆ ಅದು ಕಟ್ಟಿನಿಂದ ಹೊರಬರುತ್ತದೆ.

ನಕಲಿ ಹೆಸರಲ್ಲಿ, ಯಂತ್ರದಲ್ಲಿ ಬರೆಸಿ ಸಾವಿರಗಟ್ಟಲೆ ಕಳಿಸಿದರೆ?

ಆಗಲೇ ಆಗಿಹೋಗಿದೆ. ಅಮೆರಿಕದಲ್ಲಿ ಫೋನ್, ಇಂಟರ್ನೆಟ್ ನೋಡಿಕೊಳ್ಳುವ ಸಂಪರ್ಕ ಆಯೋಗ 2017ರಲ್ಲಿ ನೆಟ್ ನ್ಯೂಟ್ರಾಲಿಟಿ ನಿಯಮ (ಇಂಟರ್ನೆಟ್ ಕಂಪನಿಗಳು ಎಲ್ಲ ವೆಬ್‌ಸೈಟ್‌ಗಳನ್ನೂ ಒಂದೇ ಥರ ನೋಡಬೇಕು ಎಂಬುದು) ತೆಗೆಯಲು ಹೊರಟಾಗ ಸುಮಾರು 2 ಕೋಟಿ 20 ಲಕ್ಷ ಅಭಿಪ್ರಾಯ ಬಂದವು. ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಕಚೇರಿ ತನಿಖೆ ಮಾಡಿ 2021ರಲ್ಲಿ ವರದಿ ಕೊಟ್ಟಿತು: ಸುಮಾರು 1 ಕೋಟಿ 80 ಲಕ್ಷ ನಕಲಿ. ಅದರಲ್ಲಿ ಸುಮಾರು 85 ಲಕ್ಷ ಬ್ರಾಡ್‌ಬ್ಯಾಂಡ್ ಉದ್ಯಮ ದುಡ್ಡು ಕೊಟ್ಟು ನಡೆಸಿದ ಪ್ರಚಾರದಿಂದ ಬಂದವು. ನಿಜವಾದ ಜನರ ಹೆಸರು, ವಿಳಾಸಗಳನ್ನು ಅವರಿಗೆ ಗೊತ್ತಿಲ್ಲದೆ ಬಳಸಿದ್ದರು. ನಿಯಮ ಉಳಿಯಲಿ ಎನ್ನುವ ಇನ್ನೊಂದು ಬದಿಯಲ್ಲಿ 19 ವರ್ಷದ ಒಬ್ಬ ಕಾಲೇಜು ಹುಡುಗ ಸಾಫ್ಟ್‌ವೇರ್ ಬರೆದು ಒಬ್ಬನೇ 77 ಲಕ್ಷ ತುಂಬಿಸಿದ್ದ. ಅಂದರೆ ಎರಡೂ ಪಕ್ಷದಲ್ಲಿ ಕಳ್ಳತನ ಇತ್ತು.

2019ರಲ್ಲಿ ಹಾರ್ವರ್ಡ್‌ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿ ಇನ್ನೊಂದು ಪರೀಕ್ಷೆ ಮಾಡಿದ. ಅಮೆರಿಕದ ಐಡಾಹೊ ರಾಜ್ಯದ ಆರೋಗ್ಯ ನೆರವು ಯೋಜನೆಯ ಬಗ್ಗೆ ಸರ್ಕಾರ ಅಭಿಪ್ರಾಯ ಕೇಳಿತ್ತು. ಕಂಪ್ಯೂಟರೇ ಬರೆದ, ಒಂದರ ಹಾಗೆ ಇನ್ನೊಂದಿಲ್ಲದ 1,001 ಅಭಿಪ್ರಾಯಗಳನ್ನು ಅವನು ಕಳಿಸಿದ. ಬಂದವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅವನವೇ ಆದವು. ಓದಿದವರಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಆಮೇಲೆ ತಾನೇ ತಿಳಿಸಿ ಹಿಂದಕ್ಕೆ ತೆಗೆಸಿದ. ಇವತ್ತಿನ ಎಐ ಬರುವುದಕ್ಕೂ ಮುಂಚಿನ ಮಾತು ಇದು.

ನನ್ನ ಅಭಿಪ್ರಾಯ ಕೇಳಿದರೆ, ನಕಲಿಗಳಿಂದ ಕಂಗಾಲಾಗುವುದು ಎಣಿಸುವ ಇಲಾಖೆ ಮಾತ್ರ. ಎಣಿಸದೆ ವಾದವನ್ನು ಓದುವ ಇಲಾಖೆಗೆ ಒಂದೇ ವಾದ ಹತ್ತು ಲಕ್ಷ ಸಲ ಬಂದರೂ ಒಂದೇ ವಾದ. ಕಷ್ಟ ಬರುವುದು ಸುಳ್ಳು ಅನುಭವ ಬಂದಾಗ. ನರ್ಸ್ ಅಲ್ಲದವರು ನಾನು ನರ್ಸ್ ಎಂದು ಹೇಳಿ ಆಸ್ಪತ್ರೆಯ ಸಂಗತಿ ಬರೆದಾಗ. ಅಂಥ ಕಡೆ ನಿಯಮದ ದಿಕ್ಕೇ ಬದಲಾಗುವಂತಿದ್ದರೆ ಇಲಾಖೆ ಫೋನ್ ಮಾಡಿ, ಸ್ಥಳಕ್ಕೆ ಹೋಗಿ ಪರಿಶೀಲಿಸಬೇಕು. ಜೊತೆಗೆ, ನನ್ನ ಹೆಸರಲ್ಲಿ ಯಾರೋ ಬರೆದಿದ್ದಾರೆ ಎಂದು ದೂರು ಕೊಟ್ಟವರ ಹೆಸರನ್ನು ಕೂಡಲೇ ತೆಗೆಯುವ ದಾರಿಯೂ ಇರಬೇಕು.

ಎಲ್ಲರಿಗೂ ಗುರುತಿನ ಚೀಟಿ ಕಡ್ಡಾಯ ಮಾಡಿಬಿಟ್ಟರೆ ಆಯಿತಲ್ವಾ?

ನಕಲಿಗಳ ಜೊತೆ ಅಸಲಿಗಳೂ ಹೋಗುತ್ತವೆ. ತನ್ನ ಕಂಪನಿಯ ಸುರಕ್ಷತಾ ಲೋಪ ಗೊತ್ತಿರುವ ಕೆಲಸಗಾರ, ಬಾಡಿಗೆ ನಿಯಮದ ಬಗ್ಗೆ ಬರೆಯಬೇಕೆಂದಿರುವ ಬಾಡಿಗೆದಾರ, ಅದೇ ಇಲಾಖೆಯಿಂದ ಪರವಾನಗಿ ಪಡೆಯಬೇಕಾದ ಸಣ್ಣ ವ್ಯಾಪಾರಿ ಹೆಸರು ಹಾಕಲು ಹೆದರುತ್ತಾರೆ. ಅವರ ಹೆದರಿಕೆಗೆ ಆಧಾರವೂ ಇದೆ. 2015ರ ಏಪ್ರಿಲ್‌ನಲ್ಲಿ ನೆಟ್ ನ್ಯೂಟ್ರಾಲಿಟಿ ಬಗ್ಗೆ ಬಂದ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್‌ಗಳನ್ನು ಟ್ರಾಯ್ ಕಳಿಸಿದವರ ಇಮೇಲ್ ವಿಳಾಸದ ಸಮೇತ ವೆಬ್‌ಸೈಟಿಗೆ ಹಾಕಿಬಿಟ್ಟಿತು. ಪಾರದರ್ಶಕತೆಯ ಹೆಸರಲ್ಲಿ ಸ್ಪ್ಯಾಮ್ ಕಳಿಸುವವರಿಗೆ ಪುಕ್ಕಟೆ ಪಟ್ಟಿ ಸಿಕ್ಕಂತಾಯಿತು.

ಯಂತ್ರಗಳನ್ನು ತಡೆಯಲು ಕ್ಯಾಪ್ಚಾ (ಬರೆಯುವವರು ಮನುಷ್ಯರೇ ಎಂದು ನೋಡುವ ಸಣ್ಣ ಪರೀಕ್ಷೆ) ಒಂದಿಷ್ಟು ಕೆಲಸ ಮಾಡುತ್ತದೆ. ಒಟಿಪಿ ಕೇಳುವುದಾದರೆ ಇಮೇಲ್ ಅಥವಾ ಫೋನ್ ಯಾವುದಾದರೊಂದಕ್ಕೆ ಬಿಡಲಿ. ಪ್ರಕಟಿಸುವಾಗ ಅಭಿಪ್ರಾಯ ಮಾತ್ರ ಪ್ರಕಟವಾಗಲಿ, ಹೆಸರು ಬೇಕೇ ಎಂಬುದನ್ನು ಬರೆದವರೇ ಆರಿಸಲಿ. ಕಂಪನಿಗಳಿಗೆ, ಸಂಘಗಳಿಗೆ ಮಾತ್ರ ಈ ವಿನಾಯಿತಿ ಬೇಡ. ದುಡ್ಡು ಯಾರದ್ದು ಅಂತ ಗೊತ್ತಾಗಬೇಕು.

ಕರಡು ನಮ್ಮ ಭಾಷೆಯಲ್ಲೇ ಇಲ್ಲದಿದ್ದರೆ?

ಆಗ ಉಳಿದ ಯಾವ ಸುಧಾರಣೆಗೂ ಅರ್ಥವಿಲ್ಲ. 2020ರಲ್ಲಿ ಪರಿಸರ ಪರಿಣಾಮ ಅಧ್ಯಯನದ ಕರಡು ಅಧಿಸೂಚನೆ ಬಂದಾಗ ಈ ಜಗಳ ಕೋರ್ಟಿಗೆ ಹೋಯಿತು. ಗಣಿ, ಅಣೆಕಟ್ಟು, ಕಾರ್ಖಾನೆ ಬರುವ ಊರುಗಳ ಜನ ಅದನ್ನು ಓದಬೇಕಿತ್ತು. ಸಿಗುತ್ತಿದ್ದದ್ದು ಇಂಗ್ಲಿಷ್ ಮತ್ತು ಹಿಂದಿ. ದೆಹಲಿ ಹೈಕೋರ್ಟ್ 2020ರ ಜೂನ್ 30ರಂದು ಗಡುವನ್ನು ಆಗಸ್ಟ್ 11ರ ತನಕ ವಿಸ್ತರಿಸಿತು, ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಿಗೂ ಅನುವಾದ ಮಾಡಿಸಿ ಎಂದಿತು. ಕೇಂದ್ರ ಸರ್ಕಾರ ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋಯಿತು.

ಯುರೋಪಿಯನ್ ಒಕ್ಕೂಟದ ಜಾಲತಾಣದಲ್ಲಿ 24 ಅಧಿಕೃತ ಭಾಷೆಗಳಲ್ಲಿ ಯಾವುದರಲ್ಲಿ ಬೇಕಾದರೂ ಅಭಿಪ್ರಾಯ ಬರೆಯಬಹುದು. ಅನುವಾದಕ್ಕೆ ಖರ್ಚಾಗುತ್ತದೆ, ತಡವಾಗುತ್ತದೆ ಎಂಬ ಮಾತಿಗೆ ಮೊದಲಿದ್ದ ತೂಕ ಈಗಿಲ್ಲ. ಯಂತ್ರಾನುವಾದ ಮಾಡಿ, ಆ ವಿಷಯ ಬಲ್ಲವರಿಂದ ತಿದ್ದಿಸಬಹುದು. ತಿದ್ದಿಸದೆ ಹಾಗೇ ಹಾಕಿದರೆ ಮಾತ್ರ ಅನಾಹುತ. 'ಮಾಡಬಹುದು' ಮತ್ತು 'ಮಾಡತಕ್ಕದ್ದು' ಅದಲುಬದಲಾದರೆ ಜನ ಇಲ್ಲದ ನಿಯಮಕ್ಕೆ ಆಕ್ಷೇಪ ಬರೆಯುತ್ತಾ ಕೂರುತ್ತಾರೆ.

ನಿಮ್ಮ ಭಾಷೆಯಲ್ಲೇ ಬರೆದು ಕಳಿಸಿ. ಅರ್ಥ ಮಾಡಿಕೊಳ್ಳುವ ಹೊಣೆ ಕೇಳಿದವರದ್ದು.

ನಮ್ಮ ಭಾಷೆಯಲ್ಲಿದ್ದರೂ ಓದಿದರೆ ತಲೆಬುಡ ತಿಳಿಯಲ್ಲ. ಏನು ಮಾಡೋಣ?

ಇದು ಇಲಾಖೆಗೆ ಕೇಳಬೇಕಾದ ಪ್ರಶ್ನೆ. 80 ಪುಟದ ಪಿಡಿಎಫ್, ಅದೂ ಸ್ಕ್ಯಾನ್ ಮಾಡಿದ್ದು, ಕೆಳಗೆ ಒಂದು ಇಮೇಲ್ ವಿಳಾಸ. ಇಷ್ಟನ್ನು ಹಾಕಿ ಜನ ಬರೆಯಲಿಲ್ಲ ಎನ್ನುವುದು ನ್ಯಾಯವಲ್ಲ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ರೆಗ್ಯುಲೇಷನ್ ರೂಮ್ ಎಂಬ ಪ್ರಯೋಗ ಮಾಡಿದ್ದರು. ಸಾರಿಗೆ ಇಲಾಖೆಯ ಜೊತೆ ಸೇರಿ, ಲಾರಿ ಚಾಲಕರು ಗಾಡಿ ಓಡಿಸುವಾಗ ಮೆಸೇಜ್ ಮಾಡುವುದನ್ನು ನಿಷೇಧಿಸುವ ಕರಡು, ವಿಮಾನ ಪ್ರಯಾಣಿಕರ ಹಕ್ಕುಗಳ ಕರಡು ಇಂಥವನ್ನು 2010ರಲ್ಲಿ ಚರ್ಚೆಗೆ ತಂದರು. ದೊಡ್ಡ ಕರಡನ್ನು ಸಣ್ಣ ಸಣ್ಣ ವಿಷಯಗಳಾಗಿ ಒಡೆದರು. ಪ್ರತಿಯೊಂದನ್ನೂ ಮಾಮೂಲಿ ಭಾಷೆಯಲ್ಲಿ ಬರೆದರು. ತರಬೇತಿ ಪಡೆದ ವಿದ್ಯಾರ್ಥಿಗಳು ಮಧ್ಯೆ ಕೂತು, "ಇದು ನಿಮಗೆ ಹೇಗೆ ಗೊತ್ತು? ಒಂದು ಉದಾಹರಣೆ ಕೊಡ್ತೀರಾ?" ಎಂದು ಕೇಳುತ್ತಿದ್ದರು. ಕೊನೆಗೆ ಚರ್ಚೆಯ ಸಾರಾಂಶ ತಯಾರಿಸಿ, ಭಾಗವಹಿಸಿದವರಿಗೇ ಮೊದಲು ತೋರಿಸಿ, ಇಲಾಖೆಗೆ ಸಲ್ಲಿಸಿದರು.

ಇದರಲ್ಲಿ ನನಗೆ ಹಿಡಿಸಿದ್ದು ಆ ಮರುಪ್ರಶ್ನೆ. "ಹೀಗೆ ಮಾಡಿದರೆ ನಮಗೆ ತುಂಬಾ ತೊಂದರೆ" ಎಂದು ಬರೆದವರಿಗೆ "ಯಾವ ತೊಂದರೆ?" ಎಂದು ಯಾರಾದರೂ ಕೇಳಿದರೆ ತಾನೇ ಎರಡನೇ ವಾಕ್ಯ ಬರುವುದು? ಸಾಫ್ಟ್‌ವೇರ್ ಬದಲಾಯಿಸುವುದಕ್ಕಿಂತ ಇಂಥ ಮನುಷ್ಯರನ್ನು ಇಡುವುದು ದುಬಾರಿ. ಫಲ ಕೊಡುವುದೂ ಅದೇ.

ಜನ ಒಬ್ಬರಿಗೊಬ್ಬರು ಉತ್ತರಿಸೋಕೆ ಬಿಟ್ಟರೆ ಬೈದಾಟ ಶುರುವಾಗುತ್ತೆ ಅಲ್ವಾ?

ಉತ್ತರಿಸುವ ಬಟನ್ನೇ ಇಲ್ಲದಿದ್ದರೆ? ತೈವಾನಿನಲ್ಲಿ 2014ರ ವಿದ್ಯಾರ್ಥಿ ಚಳವಳಿಯ ನಂತರ ಹುಟ್ಟಿದ ವಿತೈವಾನ್ ವೇದಿಕೆ ಪೋಲಿಸ್ ಎಂಬ ಸಾಧನ ಬಳಸಿತು. ಹೆಸರು ಕೇಳಿ ಗಾಬರಿಯಾಗಬೇಡಿ, ಖಾಕಿಗೂ ಇದಕ್ಕೂ ಸಂಬಂಧವಿಲ್ಲ. ಅದರಲ್ಲಿ ನೀವು ಒಂದು ಹೇಳಿಕೆ ಬರೆಯಬಹುದು. ಉಳಿದವರು ಒಪ್ಪುತ್ತೇನೆ, ಒಪ್ಪುವುದಿಲ್ಲ, ಬಿಟ್ಟುಬಿಡಿ ಎಂದು ಒತ್ತಬಹುದು, ಅಷ್ಟೇ. ತಿರುಗಿ ಬಯ್ಯಲು ಜಾಗವಿಲ್ಲ. ಯಾರು ಯಾರು ಒಂದೇ ಥರ ಯೋಚಿಸುತ್ತಾರೆ ಎಂಬ ಗುಂಪುಗಳನ್ನು ಸಾಧನವೇ ನಕ್ಷೆಯಲ್ಲಿ ತೋರಿಸುತ್ತದೆ. ಎರಡೂ ಗುಂಪುಗಳು ಒಪ್ಪುವ ಹೇಳಿಕೆಗಳು ಮೇಲೆ ಬರುತ್ತವೆ. 2015ರಲ್ಲಿ ಊಬರ್ ಬಗ್ಗೆ ಹೀಗೇ ಚರ್ಚೆ ನಡೆಯಿತು. ವಿಮೆ, ಚಾಲಕರ ಪರವಾನಗಿ ಇಂಥವುಗಳಲ್ಲಿ ಟ್ಯಾಕ್ಸಿ ಪರ ಮತ್ತು ಊಬರ್ ಪರ ಇರುವವರಿಬ್ಬರೂ ಒಪ್ಪುವ ಅಂಶಗಳು ಸಿಕ್ಕವು.

ಇದಕ್ಕೂ ಮಿತಿ ಇದೆ. ವಿತೈವಾನ್‌ನಲ್ಲಿ ಬಂದ ಒಮ್ಮತವನ್ನು ಸರ್ಕಾರ ಪಾಲಿಸಲೇಬೇಕೆಂಬ ಕಟ್ಟು ಇರಲಿಲ್ಲ. ಇನ್ನು ಔಷಧದ ಗುಣಮಟ್ಟದಂಥ ತಾಂತ್ರಿಕ ನಿಯಮಕ್ಕೆ ಒಪ್ಪುತ್ತೇನೆ, ಒಪ್ಪುವುದಿಲ್ಲ ಎಂಬ ಬಟನ್ ಸಾಲುವುದೂ ಇಲ್ಲ.

ಕಂಪನಿಗಳು ವಕೀಲರನ್ನಿಟ್ಟು ನೂರು ಪುಟ ಬರೀತಾವೆ. ನಾವು ಏನು ಪೈಪೋಟಿ ಕೊಡೋದು?

ಟ್ರಾಯ್‌ನ ಒಂದು ಪದ್ಧತಿಯನ್ನು ಉಳಿದವರೂ ಕಲಿಯಬೇಕು. ಮೊದಲ ಸುತ್ತಿನಲ್ಲಿ ಬಂದ ಅಭಿಪ್ರಾಯಗಳನ್ನೆಲ್ಲ ವೆಬ್‌ಸೈಟಿನಲ್ಲಿ ಹಾಕುತ್ತಾರೆ. ಎರಡನೇ ಸುತ್ತಿನಲ್ಲಿ ಆ ಅಭಿಪ್ರಾಯಗಳಿಗೆ ಪ್ರತಿ ಅಭಿಪ್ರಾಯ ಬರೆಯಲು ಬಿಡುತ್ತಾರೆ. ಕಂಪನಿ "ಇದನ್ನು ಜಾರಿ ಮಾಡಲು ಸಾಧ್ಯವೇ ಇಲ್ಲ" ಎಂದಿದ್ದರೆ, ಅದೇ ಕಂಪನಿ ಬೇರೆ ದೇಶದಲ್ಲಿ ಅದನ್ನೇ ಪಾಲಿಸುತ್ತಿರುವುದನ್ನು ನೀವು ತೋರಿಸಬಹುದು. ಹತ್ತು ಸಾಲಿನಲ್ಲಿ ನೂರು ಪುಟದ ಒಂದು ಕಾಲು ಮುರಿಯುತ್ತದೆ.

ಕಳಿಸಿದ ಮೇಲೆ ಏನಾಗುತ್ತೆ? ಯಾರಾದರೂ ಓದ್ತಾರಾ?

ಜನರ ನಂಬಿಕೆ ನಿಲ್ಲುವುದೂ ಬೀಳುವುದೂ ಈ ಪ್ರಶ್ನೆಯ ಮೇಲೆ. ಹೆಚ್ಚಿನ ಕಡೆ "ನಿಮ್ಮ ಅಭಿಪ್ರಾಯ ಸ್ವೀಕರಿಸಲಾಗಿದೆ" ಎಂಬ ಯಂತ್ರದ ಸಂದೇಶದ ನಂತರ ಮೌನ. ಮುಂದಿನ ಸಲ ಆತ ಬರೆಯುವುದಿಲ್ಲ, ಪಕ್ಕದವನಿಗೂ ಬರೆಯಬೇಡ ಎನ್ನುತ್ತಾನೆ.

ಬಂದ ಅಭಿಪ್ರಾಯಗಳನ್ನೇ ಗುಟ್ಟಾಗಿಡುವ ರೂಢಿ ಇನ್ನೂ ಕೆಟ್ಟದ್ದು. ಭಾರತದಲ್ಲಿ 2025ರ ಜನವರಿಯಲ್ಲಿ ವೈಯಕ್ತಿಕ ಡೇಟಾ ರಕ್ಷಣೆಯ ಕರಡು ನಿಯಮಗಳಿಗೆ ಸರ್ಕಾರದ ಮೈಗವ್ ಜಾಲತಾಣದಲ್ಲಿ ಅಭಿಪ್ರಾಯ ಕೇಳಿದರು. ನಿಯಮವಾರು ಬರೆಯಲು ಜಾಗ ಇತ್ತು, ಸರಳ ವಿವರಣೆ ಇತ್ತು, ಅದು ಮೆಚ್ಚಬೇಕಾದದ್ದೇ. ಆದರೆ ಬಂದ ಅಭಿಪ್ರಾಯಗಳನ್ನು ಯಾರಿಗೂ ತೋರಿಸುವುದಿಲ್ಲ ಎಂದು ಮೊದಲೇ ಹೇಳಿದ್ದರು. ಹೀಗಾದರೆ ಯಾರು ಏನು ಕೇಳಿದರು, ಯಾರ ಮಾತು ನಡೆಯಿತು ಎಂದು ಹೊರಗಿನವರು ತಾಳೆ ನೋಡುವುದು ಹೇಗೆ? ಮುಕ್ತವಾಗಿ ಬರೆಯಲಿ ಎಂಬ ಕಾರಣ ಕೊಡುತ್ತಾರೆ. ಒಬ್ಬ ವ್ಯಕ್ತಿಯ ವಿಷಯದಲ್ಲಿ ಒಪ್ಪುತ್ತೇನೆ. ದೊಡ್ಡ ಕಂಪನಿಯ ವಿಷಯದಲ್ಲಿ ಒಪ್ಪಲಾರೆ.

ಎಲ್ಲ ಸುಧಾರಣೆಗಳಲ್ಲಿ ಒಂದನ್ನೇ ಆರಿಸು ಎಂದರೆ ನಾನು ಆರಿಸುವುದು ಉತ್ತರದ ಪಟ್ಟಿ. ಅಂತಿಮ ನಿಯಮದ ಜೊತೆ ಒಂದು ಕೋಷ್ಟಕ ಬರಲಿ: ಈ ಕಲಂಗೆ ಇಂಥ ಆಕ್ಷೇಪ ಬಂತು, ಒಪ್ಪಿದ್ದೇವೆ ಅಥವಾ ಒಪ್ಪಿಲ್ಲ, ಕಾರಣ ಇದು. ಲಕ್ಷ ಪತ್ರ ಬಂದರೂ ಬೇರೆ ಬೇರೆ ವಾದಗಳು ಸಾಮಾನ್ಯವಾಗಿ ಕೆಲವು ಡಜನ್ ಮಾತ್ರ ಇರುತ್ತವೆ, ಹಾಗಾಗಿ ಇದು ಆಗದ ಕೆಲಸವಲ್ಲ. ಒಂದೇ ಥರದ್ದನ್ನು ಗುಂಪು ಮಾಡಲು ಸಾಫ್ಟ್‌ವೇರ್ ಬಳಸಲಿ, ಅಡ್ಡಿಯಿಲ್ಲ. ಆದರೆ ಯಾವ ಗುಂಪಿಗೂ ಸೇರದೆ ಒಂಟಿಯಾಗಿ ಉಳಿದ ಪತ್ರಗಳನ್ನು ಮನುಷ್ಯರೇ ಓದಬೇಕು. ಸವೆದ ಬೆರಳಿನ ಸಂಗತಿ ಇರುವುದು ಅಂಥ ಪತ್ರದಲ್ಲೇ. 'ಒಪ್ಪಿಲ್ಲ' ಎಂಬ ಉತ್ತರಕ್ಕೆ ಜನ ಅಷ್ಟೇನೂ ಸಿಟ್ಟಾಗುವುದಿಲ್ಲ. ಉತ್ತರವೇ ಇಲ್ಲದಿದ್ದರೆ ಆಗುತ್ತಾರೆ.

ಎಷ್ಟು ದಿನ ಕೊಡಬೇಕು?

ಭಾರತದ 2014ರ ನೀತಿಯಲ್ಲಿ ಕನಿಷ್ಠ 30 ದಿನ. ಅಮೆರಿಕದಲ್ಲಿ 1993ರ ಅಧ್ಯಕ್ಷರ ಆದೇಶವೊಂದು ಸಾಮಾನ್ಯವಾಗಿ 60 ದಿನಕ್ಕೆ ಕಡಿಮೆ ಬೇಡ ಎಂದಿತು. ಯುರೋಪಿಯನ್ ಆಯೋಗದ ಸಾರ್ವಜನಿಕ ಸಮಾಲೋಚನೆಗೆ 12 ವಾರ, ಕರಡು ನಿಯಮದ ಮೇಲಿನ ಅಭಿಪ್ರಾಯಕ್ಕೆ 4 ವಾರ. ದಿನಗಳಿಗಿಂತಲೂ ಮುಖ್ಯವಾದದ್ದು ಯಾವ ಹಂತದಲ್ಲಿ ಕೇಳುತ್ತಾರೆ ಎಂಬುದು. ಎಲ್ಲ ತೀರ್ಮಾನಿಸಿ, ಮಂತ್ರಿಗಳ ಭಾಷಣವೂ ಆದಮೇಲೆ 90 ದಿನ ಕೊಟ್ಟರೂ ಅದು ಶಾಸ್ತ್ರಕ್ಕೆ ಮಾತ್ರ.

ಇಂಟರ್ನೆಟ್ ಇಲ್ಲದವರ ಗತಿ?

ಆನ್‌ಲೈನ್ ಜೊತೆಗೆ ಟಪಾಲು, ಮುಖಾಮುಖಿ ಸಭೆ, ಫೋನಿನಲ್ಲಿ ಮಾತಾಡಿ ದಾಖಲಿಸುವ ವ್ಯವಸ್ಥೆ ಉಳಿಯಲೇಬೇಕು. ಪಿಂಚಣಿ, ಪಡಿತರ, ಪುನರ್ವಸತಿಯಂಥ ನಿಯಮಗಳಲ್ಲಿ ತೊಂದರೆಗೆ ಸಿಗುವವರೇ ವೆಬ್‌ಸೈಟಿಗೆ ಬರದವರು. ಅಂಥ ಕಡೆ ಅಭಿಪ್ರಾಯ ಬರಲಿ ಎಂದು ಕಾಯದೆ ಇಲಾಖೆಯೇ ಹೋಗಿ ಕೇಳಬೇಕು. ಪಕ್ಕದ ಮನೆಯ ಅಜ್ಜಿಯ ಮಾತನ್ನು ನೀವು ಟೈಪ್ ಮಾಡಿ, ಅವರ ಒಪ್ಪಿಗೆ ಪಡೆದು, ಅವರ ಹೆಸರಲ್ಲೇ ಕಳಿಸಿಕೊಡುವುದರಲ್ಲಿ ತಪ್ಪೇನಿಲ್ಲ.

ಗಡುವು ಮುಗಿದುಹೋಗಿದೆ. ಈಗ ಕಳಿಸಿದರೆ?

ಕಳಿಸಿ. ತಡವಾಗಿ ಬಂದದ್ದನ್ನು ಓದಲೇಬೇಕೆಂಬ ಕಟ್ಟು ಇಲ್ಲ. ಆದರೆ ಅಂತಿಮ ನಿಯಮ ಹೊರಬೀಳಲು ತಿಂಗಳುಗಳು, ಕೆಲವೊಮ್ಮೆ ವರ್ಷವೇ ಹಿಡಿಯುತ್ತದೆ. ಅಷ್ಟರಲ್ಲಿ ಯಾರಾದರೂ ಓದಿದರೂ ಓದಬಹುದು. ಮೊದಲ ಸಾಲಿನಲ್ಲೇ ತಡವಾದ ಕಾರಣ ಒಂದು ವಾಕ್ಯದಲ್ಲಿ ಹೇಳಿ, ಕಳಿಸಿದ ದಿನಾಂಕದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.